ಗೋಡೆಗೂ ಒಂದು ದಿಂಬು

ಗೋಡೆಯ ಮೇಲೆ ಕೊನೆಯ ಪ್ಯಾನೆಲ್ಲಿಗೆ ಮೊಳೆ ಹೊಡೆದು ನಾನು ಹಿಂದೆ ಸರಿಯುವಷ್ಟರಲ್ಲಿ ಮಾವ ಬಂದು ಅದಕ್ಕೆ ತಲೆ ಕೊಟ್ಟು ಕೂತೇಬಿಟ್ಟರು.

ಪಾಂಡವಪುರದ ನಮ್ಮ ಮನೆಯ ಹಜಾರದಲ್ಲಿ ಆ ಜಾಗ ಅವರದೇ. ಊಟವಾದ ಮೇಲೆ ಚಾಪೆ ಹಾಸಿ ಗೋಡೆಗೆ ಒರಗುತ್ತಾರೆ. ಹರಳೆಣ್ಣೆ ಹಚ್ಚಿದ ತಲೆ ಅಲ್ಲಿ ತಟ್ಟೆಯಗಲದ ಕಲೆ ಮಾಡಿತ್ತು. ಬಣ್ಣ ಬಳಿದರೂ ಮತ್ತೆ ಮೂಡುತ್ತಿತ್ತು. ಅದನ್ನು ಮುಚ್ಚಲೆಂದೇ ನಾನು ಪ್ಲೈವುಡ್ ಹಲಗೆಗೆ ಫೋಮು ಅಂಟಿಸಿ, ಮೇಲೆ ಹಸಿರು ವೆಲ್ವೆಟ್ ಬಟ್ಟೆ ಎಳೆದು, ಹಿಂದೆ ಪಿನ್ನು ಹೊಡೆದು ಈ ಮೆತ್ತನೆಯ ಪ್ಯಾನೆಲ್‌ಗಳನ್ನು ಮಾಡಿದ್ದು. ಅಲಂಕಾರಕ್ಕೆ, ಒರಗುವುದಕ್ಕಲ್ಲ!

ಅದನ್ನೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಚಿನಕುರಳಿಯಿಂದ ಅವರ ಗೆಳೆಯರೊಬ್ಬರು ಬಂದರು. ಮಾವ ಪಕ್ಕದ ಪ್ಯಾನೆಲ್ ತಟ್ಟಿ ಕರೆದರು.

“ಬಾ ಕಣ್ಲಾ, ಒರಿಕ್ಕೊ. ನನ್ ತಲೆ ನೋಯ್ತದೆ ಅಂತ ನಮ್ ಸೊಸೆ ಗೋಡೆಗೇ ದಿಂಬು ಹೊಲ್ದವ್ಳೆ!”

ಗೆಳೆಯರು ಒರಗಿ, ಕಣ್ಣು ಮುಚ್ಚಿ, ನನ್ನ ಮಾವ ಪುಣ್ಯವಂತರೆಂದು ತೀರ್ಪು ಕೊಟ್ಟರು. ಅವರ ತಲೆಯೂ ಎಣ್ಣೆಯಲ್ಲಿ ಪಳಪಳ ಹೊಳೆಯುತ್ತಿತ್ತು. ನಾನು ಸುತ್ತಿಗೆ ಎತ್ತಿಡಲು ಹೊರಟೆ. ಮಾವ ನನ್ನತ್ತ ತಿರುಗಿದರು.

“ಇದ್ರ ಕೆಳ್ಗಿನ್ ಅಂಚು ಕತ್ತಿಗೆ ಒತ್ತುತದೆ ಕಣವ್ವ, ಒಂದ್ ಗೇಣು ಕೆಳುಕ್ಕೆ ಇಳ್ಸು.”

ಇಳಿಸಿದೆ. ವೆಲ್ವೆಟ್ಟಿನ ಮೇಲೆ ಈಗ ಒಂದಲ್ಲ, ಎರಡು ಎಣ್ಣೆ ಕಲೆಗಳಿವೆ. ಮನೆಗೆ ಬಂದವರೆಲ್ಲ ಗೋಡೆಯ ಅಲಂಕಾರ ಯಾಕಿಷ್ಟು ಕೆಳಗಿದೆ ಎಂದು ಕೇಳುತ್ತಾರೆ. ಕೂತು ಒರಗಿ ನೋಡಿ ಎನ್ನುತ್ತೇನೆ.