ಮರಳುಗಾಡಿಗೆ ಹೊರಟಿದ್ದ ಬಿಳಿ ಡಬ್ಬಿಗಳು

"ಈ ನೀರನ್ನು ಯಾರು ಕುಡಿಯುತ್ತಾರೆ?"

ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ಒಬ್ಬ ಹಿರಿಯರು ನನ್ನನ್ನು ಕೇಳಿದ ಪ್ರಶ್ನೆ ಇದು. ಅವರು ಕೂತಿದ್ದು ಕೊಲ್ಲಿ ದೇಶವೊಂದರ ಆಫೀಸಿನಲ್ಲಿ. ನಾನು ಕೂತಿದ್ದು ಮೊರಬದ ಹತ್ತಿರದ ನಮ್ಮೂರಲ್ಲಿ, ಮಾಳಿಗೆ ಮೇಲೆ, ನೆಟ್‌ವರ್ಕ್ ಸಿಗುವ ಒಂದೇ ಮೂಲೆಯಲ್ಲಿ. ಉತ್ತರ ನನಗೆ ಗೊತ್ತಿತ್ತು. ನಾನು ಕುಡಿಯುತ್ತೇನೆ. ನಮ್ಮವ್ವ ಕುಡಿಯುತ್ತಾಳೆ. ಊರಿಗೆ ಊರೇ ಕುಡಿಯುತ್ತದೆ.

"ಯಾರೂ ಇಲ್ಲ ಸರ್. ದನಗಳಿಗೆ ಅಷ್ಟೇ," ಅಂದೆ.

ಈ ಅಂಕಣ ಓದುತ್ತಾ ಬಂದವರಿಗೆ ನನ್ನ ಹುಚ್ಚು ಗೊತ್ತೇ ಇದೆ. ಸೋಲಾರ್, ಪಂಪು, ಫಿಲ್ಟರ್, ಸೆನ್ಸರ್. ಇಂಜಿನಿಯರಿಂಗ್ ಓದಿದವನಲ್ಲ. ಮೊಬೈಲ್ ನೋಡಿ ಕಲಿತೆ, ಬಿಚ್ಚಿ ಕೆಡಿಸಿ ಕಲಿತೆ. (ಮನೆಯ ಮಿಕ್ಸರ್ ಕಥೆ ಅವ್ವನನ್ನೇ ಕೇಳಬೇಕು.) 'ಮರಳುಗಾಡಿನ ದೇಶಗಳು ನಮ್ಮ ದಾರಿ ಕಾಯುತ್ತಿವೆ' ಅಂತ ಇದೇ ಜಾಗದಲ್ಲಿ ದೊಡ್ಡದಾಗಿ ಬರೆದವನೂ ನಾನೇ. ಕೆಲವರು ಫೋನ್ ಮಾಡಿ ಹೊಗಳಿದಿರಿ. ಆ ಹೊಗಳಿಕೆಯನ್ನು ಇವತ್ತು ವಾಪಸ್ ಕೊಡುತ್ತಿದ್ದೇನೆ.

ಬರೆದದ್ದು ಸುಳ್ಳಲ್ಲ. ಅಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಸಿಹಿನೀರು ಮಾಡುತ್ತಾರೆ. ಅಷ್ಟು ಕಷ್ಟಪಟ್ಟು ಮಾಡಿದ ನೀರನ್ನು ತೋಟದ ಹೊಂಡಕ್ಕೆ ಬಿಟ್ಟರೆ ಬಿಸಿಲು ಕುಡಿದುಬಿಡುತ್ತದೆ. ಹಾಗಾಗಿ ನೀರು ಉಳಿಸುವ, ಅಳೆಯುವ, ಮುಚ್ಚಿಡುವ ಯಾವ ಉಪಾಯಕ್ಕೂ ಅಲ್ಲಿ ಗಿರಾಕಿ ಇದ್ದಾರೆ. ನಮಗೇನು ಸವಳು ನೀರು ಹೊಸದಾ? ಎರೆ ಹೊಲದಲ್ಲಿ ಬೋರ್ ಹೊಡೆದರೆ ಬರುವುದೇ ಉಪ್ಪು. ಬಿಸಿಲು ಹೊಸದಾ? ನವಲಗುಂದ ತಾಲೂಕಿನವನಿಗೆ ಇದಕ್ಕಿಂತ ಒಳ್ಳೆಯ ಟ್ರೇನಿಂಗ್ ಇನ್ನೆಲ್ಲಿ ಸಿಗಬೇಕು?

ನನ್ನ ಉಪಾಯ ಸರಳ. ನೀರಿನ ಮೇಲೆ ತೇಲುವ ಮುಚ್ಚಳ. ಖಾಲಿ ಡಬ್ಬಿಗಳ ಬಾಯಿ ಬಿಗಿದು, ಬಿಳಿ ಬಣ್ಣ ಬಳಿದು, ನೈಲಾನ್ ಹಗ್ಗದಲ್ಲಿ ಚಾಪೆಯ ಹಾಗೆ ಕಟ್ಟಿ ತೇಲಿಬಿಡುವುದು. ಬಿಳಿಗೆ ಬಿದ್ದ ಬಿಸಿಲು ವಾಪಸ್ ಹೋಗುತ್ತದೆ, ಕೆಳಗಿನ ನೀರು ತಂಪಾಗಿರುತ್ತದೆ. ನಮ್ಮ ಹೊಲದ ಕೃಷಿ ಹೊಂಡದಲ್ಲಿ ಬಿಟ್ಟು ನೋಡಿದೆ. ಬಾಜೂ ಹೊಲದ ಹೊಂಡದಲ್ಲಿ ನೀರು ಇಳಿದಷ್ಟು ನಮ್ಮದರಲ್ಲಿ ಇಳಿಯಲಿಲ್ಲ. ಬದುವಿನ ಮೇಲೆ ಒಬ್ಬನೇ ಕುಣಿದುಬಿಟ್ಟೆ.

ಡಬ್ಬಿಗಳನ್ನು ಎಲ್ಲಿಂದ ತಂದೆ?

ತಿರ್ಲಾಪುರದ ಕಡೆ ಹತ್ತಿ ಹೊಲಗಳ ಬದುವಿನಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಹತ್ತಿಗೆ ಹೊಡೆಯುವ ಕೀಟನಾಶಕದ ಖಾಲಿ ಕ್ಯಾನುಗಳು. (ಅದಕ್ಕೆ ನಾವು 'ಎಣ್ಣಿ' ಅಂತೀವಿ. ಅಡುಗೆ ಎಣ್ಣೆಯಷ್ಟೇ ಸಲೀಸಾಗಿ.) ಅವುಗಳಲ್ಲಿ ಡೀಸೆಲ್ ತರುತ್ತೇವೆ, ಬಯಲಿಗೆ ನೀರು ಒಯ್ಯುತ್ತೇವೆ, ತಲೆ ಕತ್ತರಿಸಿ ತುಳಸಿ ಹಚ್ಚುತ್ತೇವೆ. ಯಾರ ಮನೆಯ ಹಿತ್ತಲಲ್ಲಿ ಒಂದೆರಡು ಇಲ್ಲ ಹೇಳಿ? ನಾನೂ ಸೋಪಿನ ಪುಡಿ ಹಾಕಿ ಮೂರು ಸಲ ತೊಳೆದೆ, ಬಣ್ಣ ಬಳಿದೆ, ಇದು ಕ್ಲೀನ್ ಟೆಕ್ನಾಲಜಿ ಅಂತ ಇಂಟರ್ನೆಟ್‌ಗೆ ಹಾಕಿದೆ.

ಆಗ ಸಿಕ್ಕವರು ಆ ಹಿರಿಯರು. ಖರ್ಜೂರದ ತೋಟಗಳಿಗೆ ನೀರಿನ ಹೊಂಡ ಕಟ್ಟಿಸುವ ಇಂಜಿನಿಯರ್. ನಮ್ಮ ದೇಶದ ಕೆಲಸಗಾರರ ಜೊತೆ ವರ್ಷಗಟ್ಟಲೆ ದುಡಿದು ಹಿಂದಿ ಕಲಿತಿದ್ದರು. "ಫೋಟೋ ಬೇಡ. ದೊಡ್ಡ ನೀರಿನಲ್ಲಿ ತೇಲುವ ವಿಡಿಯೋ ಕಳಿಸಿ. ಹಿಡಿಸಿದರೆ ಸ್ಯಾಂಪಲ್ ತರಿಸುತ್ತೇನೆ," ಅಂದರು.

ನಮ್ಮ ಹೊಂಡ ಪಾಚಿಗಟ್ಟಿತ್ತು. ಫಾರಿನ್ನಿನವರಿಗೆ ಅದನ್ನು ತೋರಿಸುವುದಾ? ದೊಡ್ಡದು, ಚೆಂದದ್ದು ಅಂದರೆ ಊರಿನ ಕುಡಿಯುವ ನೀರಿನ ಕೆರೆ ಒಂದೇ.

ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಸರದಿ ಬಂದಾಗ ಕಾಲುವೆ ನೀರನ್ನು ಕೆರೆಗೆ ತುಂಬಿಕೊಂಡು, ಮುಂದಿನ ಸರದಿಯವರೆಗೆ ಅದನ್ನೇ ಕುಡಿಯುತ್ತೇವೆ. ಸುತ್ತ ತಂತಿ ಬೇಲಿ, ಒಂದು ಗೇಟು, ಅದಕ್ಕೊಂದು ಕೀಲಿ. ಚಪ್ಪಲಿ ಗೇಟಿನ ಹೊರಗೇ ಬಿಡಬೇಕು. ಅಲ್ಲೇ ಹೊರಗಿಟ್ಟ ನೀರಿನಲ್ಲಿ ಕಾಲು ತೊಳೆಯಬೇಕು. ಕೊಡ ಮುಳುಗಿಸುವ ಮುಂಚೆ ಅದರ ತಳ ಒರೆಸಬೇಕು. ಎಂಥ ಸಾಹೇಬರು ಬಂದರೂ ಅಷ್ಟೇ.

ಇದನ್ನೆಲ್ಲ ನೋಡಿಕೊಳ್ಳಲು ಪಂಚಾಯ್ತಿಯವರು ಇಟ್ಟವರು ಫಕ್ಕೀರಪ್ಪ ಕಾಕಾ. ಮೊದಲು ಕುರಿ ಕಾಯುತ್ತಿದ್ದರು, ಈಗ ಕೆರೆ ಕಾಯುತ್ತಾರೆ. ಕೀಲಿ ಯಾವಾಗಲೂ ಅವರ ಉಡದಾರಕ್ಕೇ ಕಟ್ಟಿರುತ್ತಿತ್ತು.

"ಏನಲೇ ಶಿವು, ಏನಿವು?" ಅಂದರು ಅವತ್ತು ನನ್ನ ಚಾಪೆ ನೋಡಿ.

"ಕೆರಿ ಮ್ಯಾಲ ತೇಲೋ ಮುಚ್ಚಳ ಕಾಕಾ. ಅರ್ಧಾ ತಾಸು ಬಿಟ್ಟು, ವಿಡಿಯೋ ಮಾಡ್ಕೊಂಡು ತಗೀತೀನ್ರಿ. ಫಾರಿನ್ನಿಗೆ ಹೊಂಟಾವು."

"ಫಾರಿನ್ನಿಗರ ಹೋಗ್ಲಿ, ಚಂದ್ರಲೋಕಕ್ಕರ ಹೋಗ್ಲಿ. ಪಂಚಾಯ್ತ್ಯಾಗ ಹೇಳಿಯಿಲ್ಲೋ?"

"ಹೇಳೀನ್ರಿ."

ಹೇಳಿರಲಿಲ್ಲ.

"ಡಬ್ಬಿ ಹೊಸವು ಹೌದಿಲ್ಲೋ?"

"ಅಗದಿ ಹೊಸವು ಕಾಕಾ. ಬಣ್ಣ ನೋಡ್ರಿ ಬೇಕಾದ್ರ."

ಕಾಕಾ ನನ್ನ ಚಪ್ಪಲಿ ಬಿಡಿಸಿದರು. ಕಾಲು ತೊಳೆಸಿದರು. ಹಿಮ್ಮಡಿಯ ಎರೆಮಣ್ಣು ಹೋಗಿಲ್ಲ ಅಂತ ಇನ್ನೊಮ್ಮೆ ತೊಳೆಸಿದರು. ಆ ಶುದ್ಧ ಕಾಲಲ್ಲಿ ಮೆಟ್ಟಿಲಿಳಿದು ಹೋಗಿ, ವಿಷ ತುಂಬಿದ್ದ ಕ್ಯಾನುಗಳನ್ನು ಊರವರೆಲ್ಲ ಕುಡಿಯುವ ನೀರಿಗೆ ಬಿಟ್ಟೆ.

ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಅವತ್ತು ನಿಲ್ಲಲಿಲ್ಲ.

ಅರ್ಧ ತಾಸಿನಲ್ಲಿ ವಿಡಿಯೋ ಮುಗಿಸಿ ಚಾಪೆ ಮೇಲೆತ್ತಿದೆ. ಮೂರನೆಯ ದಿನ ವಿಡಿಯೋ ಕಾಲ್. ನಾನು ಕಳಿಸಿದ್ದನ್ನು ಅವರು ಸ್ಕ್ರೀನ್ ಮೇಲೆ ಹಾಕಿಕೊಂಡು ನೋಡುತ್ತಿದ್ದರು. ಒಂದು ಕಡೆ ನಿಲ್ಲಿಸಿದರು. ಹತ್ತಿರಕ್ಕೆ ತಂದರು.

"ಇಲ್ಲಿ ಬಣ್ಣ ಎದ್ದಿದೆ. ಕೆಳಗೆ ಕೆಂಪು ತ್ರಿಕೋನ ಕಾಣುತ್ತಿದೆ. ನಿಮ್ಮ ದೇಶದ ಔಷಧ ನಮ್ಮ ತೋಟಗಳಿಗೂ ಬರುತ್ತದೆ. ಈ ವಿಷದ ಗುರುತು ನನಗೆ ಗೊತ್ತು."

"ತೊಳೆದಿದ್ದೀನಿ ಸರ್. ಮೂರು ಸಲ."

ಆಗಲೇ ಅವರು ಆ ಪ್ರಶ್ನೆ ಕೇಳಿದ್ದು. ಆಗಲೇ ನಾನು ದನಗಳನ್ನು ಮುಂದೆ ಮಾಡಿದ್ದು.

ಅವರು ವಿಡಿಯೋ ಇನ್ನಷ್ಟು ಮುಂದಕ್ಕೆ ಓಡಿಸಿದರು. "ಇಲ್ಲಿ ಮೆಟ್ಟಿಲ ಮೇಲೆ ಒಬ್ಬ ಹೆಣ್ಣುಮಗಳು ಕೊಡ ತುಂಬಿಕೊಳ್ಳುತ್ತಿದ್ದಾಳೆ. ಇದನ್ನು ದನಕ್ಕೆ ಒಯ್ಯುತ್ತಾಳಾ?"

ಆ ಹೆಣ್ಣುಮಗಳು ನಮ್ಮವ್ವ. ವಿಡಿಯೋ ಚೆಂದ ಕಾಣಲಿ ಅಂತ ನಾನೇ ಕರೆದು ನಿಲ್ಲಿಸಿದ್ದೆ.

ಅವರು ಬೈಯಲಿಲ್ಲ. "ಮಗಾ, ಮೊದಲು ಹೋಗಿ ಆ ನೀರು ಬಂದ್ ಮಾಡಿಸು," ಅಂದರು. ಕಾಲ್ ಕಟ್ಟಾಯಿತು.

ಓಡಿದೆ. ಕಾಕಾ ಗೇಟಿನ ಹತ್ತಿರ ಕೂತು ಎಲೆಅಡಿಕೆ ಹಾಕುತ್ತಿದ್ದರು.

"ಕಾಕಾ, ಅವು ಹೊಸಾ ಡಬ್ಬಿ ಅಲ್ರಿ. ಎಣ್ಣಿ ಡಬ್ಬಿ."

ಅವರು ಬಾಯಲ್ಲಿದ್ದದ್ದನ್ನು ಉಗುಳಿದರು. "ಮೂರು ದಿನಾ ಆತಲ್ಲೋ," ಅಂದವರೇ ಎದ್ದು ಗೇಟಿಗೆ ಕೀಲಿ ಹಾಕಿದರು.

ಅಷ್ಟರಲ್ಲಿ ನಮ್ಮ ಓಣಿಯ ಗಂಗವ್ವ ಎರಡು ಕೊಡ ಹಿಡಿದುಕೊಂಡು ಬಂದಳು.

"ಗೇಟ್ ಯಾಕ್ ಹಾಕಿರಿ ಕಾಕಾ? ಹಿಟ್ಟು ನಾದಾಕ ಮನ್ಯಾಗ ಹನಿ ನೀರಿಲ್ಲ."

"ನೀರಾಗ ಏನೋ ಬಿದ್ದದವಾ. ತಪಾಸ ಆಗೂತನಕ ಒಯ್ಯಬ್ಯಾಡ."

"ಏನ್ ಬಿತ್ತು? ಯಾರು ಬೀಳಿಸಿದ್ರು?"

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ.

"ನನ್ನ ಕಣ್ಣು ತಪ್ಪಿತವಾ," ಅಂದರು ಕಾಕಾ.

"ನಿಮ್ಮನ್ನ ಕಾಯಾಕ ಇಟ್ಟಾರೋ, ನಿದ್ದಿ ಹೊಡ್ಯಾಕ ಇಟ್ಟಾರೋ?" ಗಂಗವ್ವ ಖಾಲಿ ಕೊಡ ಬಡಿದುಕೊಂಡು ಹೋದಳು. ನಾನು ಆ ಗೇಟಿಗೆ ಎಲ್ಲೆಲ್ಲಿ ತುಕ್ಕು ಹಿಡಿದಿದೆ ಅಂತ ನೋಡುತ್ತಾ ನಿಂತೆ. ಬಹಳ ಹೊತ್ತು ನೋಡಿದೆ.

ನೀರಿನ ಸ್ಯಾಂಪಲ್ ಧಾರವಾಡಕ್ಕೆ ಹೋಯಿತು. ಊರಿಗೆ ಟ್ಯಾಂಕರ್ ಬಂತು. ಟ್ಯಾಂಕರ್ ಸುತ್ತ ಜಗಳವೂ ಬಂತು. ಅಷ್ಟೂ ದಿನ ನಾನು ಅವ್ವನ ಮುಖವನ್ನು ಡಾಕ್ಟರ್ ಥರ ನೋಡುತ್ತಿದ್ದೆ. ತಲೆನೋವು ಅಂದರೆ ಹಣೆ ಮುಟ್ಟಿ ನೋಡುತ್ತಿದ್ದೆ. ಕೊನೆಗೆ ರಿಪೋರ್ಟ್ ಬಂತು. ಕುಡಿಯಲು ಅಡ್ಡಿಯಿಲ್ಲ. ಯಾರಿಗೂ ಏನೂ ಆಗಿರಲಿಲ್ಲ.

ಬಚಾವಾದೆ ಅಂದುಕೊಂಡೆ. ಎಂಥ ಶಬ್ದ ನೋಡಿ, ಬಚಾವಾದೆ!

ಪಂಚಾಯ್ತಿ ಸಭೆಯಲ್ಲಿ ಎದ್ದು ನಿಂತು, "ಡಬ್ಬಿ ನನ್ನವು. ತಪ್ಪಾತ್ರಿ," ಅಂದೆ. ಅಧ್ಯಕ್ಷರು ನಕ್ಕರು. "ಹುಡುಗ ಅದಾನ, ಏನರ ಮಾಡ್ಬೇಕಂತಾನ. ಫಾರಿನ್ನಿನವ್ರ ಕೂಡ ಮಾತಾಡೋ ಹುಡುಗ ನಮ್ಮೂರಾಗ ಮತ್ಯಾರದಾರ? ಇನ್ನೊಮ್ಮೆ ಹಿಂಗ ಮಾಡಬ್ಯಾಡಪಾ." ಒಬ್ಬರು ಬೆನ್ನು ತಟ್ಟಿದರು ಕೂಡ.

ಆಮೇಲೆ ಕಾಕಾನ ಕಡೆ ತಿರುಗಿದರು. "ಯಾರನ್ನ ಕೇಳಿ ಒಳಗ ಬಿಟ್ರಿ ಫಕ್ಕೀರಪ್ಪ?"

ಕಾಕಾ ನನ್ನ ಕಡೆ ನೋಡಿದರು. ಕಾದರು. 'ಪಂಚಾಯ್ತಿಗೆ ಹೇಳಿದ್ದೀನಿ ಅಂತ ಅವರಿಗೆ ಸುಳ್ಳು ಹೇಳಿದವನು ನಾನು' ಅನ್ನುವ ಒಂದು ಮಾತು ನನ್ನ ಬಾಯಿಂದ ಬರಬೇಕಿತ್ತು. ಆಗ ತಾನೇ ತಟ್ಟಿಸಿಕೊಂಡ ಬೆನ್ನು. ಬರಲಿಲ್ಲ.

"ನಾನ ಬಿಟ್ಟೆರಿ," ಅಂದರು ಕಾಕಾ.

ನನಗೆ ಬುದ್ಧಿ ಹೇಳಿ ಕಳಿಸಿದರು. ಕಾಕಾನ ಕೈಯಿಂದ ಕೀಲಿ ಇಸಕೊಂಡರು.

ಹೊರಗೆ ಬಂದ ಮೇಲೆ ಅವರ ಹಿಂದೆ ಹೋದೆ. "ಯಾಕ್ ಹೇಳ್ಲಿಲ್ಲರಿ ಕಾಕಾ? ನಾ ಸುಳ್ಳು ಹೇಳಿದ್ದು?"

"ನಿನ್ನ ಬಾಯಿ ಅಲ್ಲೇ ಇತ್ತಲ್ಲೋ," ಅಂದರು. ತಿರುಗಿ ಕೂಡ ನೋಡಲಿಲ್ಲ.

ಎಕ್ಸ್‌ಪೋರ್ಟ್ ಕ್ವಾಲಿಟಿ ಅನ್ನುವ ಮಾತು ನಮಗೆಲ್ಲ ಎಷ್ಟು ಇಷ್ಟ! ಹೊರಗೆ ಕಳಿಸುವುದು ಚೊಕ್ಕ ಇರಬೇಕು, ಊರಲ್ಲಿ ಏನಾದರೂ ನಡೆಯುತ್ತದೆ. ಆ ಹಿರಿಯರು ತಮ್ಮ ಹೊಂಡಕ್ಕೆ ಬೇಡ ಅಂದದ್ದನ್ನು ನಾನು ನನ್ನವ್ವನ ಕೊಡದ ಪಕ್ಕದಲ್ಲೇ ತೇಲಿಬಿಟ್ಟಿದ್ದೆ. ಮರಳುಗಾಡಿನಲ್ಲಿ ನೀರಿನ ಮಾರ್ಕೆಟ್ ಇದೆ ಅಂತ ಕಂಡುಹಿಡಿದವನಿಗೆ, ನೀರು ಅಂದರೆ ಏನು ಅಂತ ಮರಳುಗಾಡಿನವರೇ ಹೇಳಿಕೊಡಬೇಕಾಯಿತು.

ಆ ಹಿರಿಯರಿಗೆ ಎಲ್ಲವನ್ನೂ ಬರೆದು ಮೇಲ್ ಹಾಕಿದೆ. ಕಾಲು ಎರಡು ಸಲ ತೊಳೆಸಿದ್ದನ್ನೂ ಬಿಡಲಿಲ್ಲ. ಹೋದ ವಾರ ಉತ್ತರ ಬಂತು. "ನಿಮ್ಮ ಮುಚ್ಚಳ ನಮಗೆ ಬೇಡ. ಆದರೆ ಆ ಕಾವಲುಗಾರರು ಇಟ್ಟುಕೊಂಡಿರುವ ನಿಯಮಗಳನ್ನು ಅವರನ್ನೇ ಕೇಳಿ ಬರೆದು ಕಳಿಸಿ. ನಮ್ಮ ಹೊಂಡ ಕಾಯುವವರಿಗೆ ಕಲಿಸಬೇಕು."

ನಮ್ಮೂರಿನಿಂದ ಮರಳುಗಾಡಿಗೆ ಹೋಗುವಂಥ ಮಾಲು ಕೊನೆಗೂ ಒಂದು ಸಿಕ್ಕಿತು. ಅದನ್ನು ನಾವು ಆಗಲೇ ಮನೆಗೆ ಕಳಿಸಿಬಿಟ್ಟಿದ್ದೇವೆ. ಆ ಮೇಲ್‌ಗೆ ನಾನಿನ್ನೂ ಉತ್ತರ ಬರೆದಿಲ್ಲ.

ಬರುವ ಸೋಮವಾರ ಮತ್ತೆ ಪಂಚಾಯ್ತಿ ಸಭೆ ಇದೆ. ಕೆರೆ ಕಾಯಲು ಹೊಸಬರನ್ನು ನೇಮಿಸುತ್ತಾರಂತೆ. ಮನೆಯಲ್ಲಿ ಕೂತು, ಕಾಣದ ನಿಮ್ಮೆಲ್ಲರಿಗೂ ಇಷ್ಟುದ್ದ ಬರೆದು ಒಪ್ಪಿಕೊಂಡೆನಲ್ಲ, ಸೋಮವಾರ ಆ ಎಂಟು ಹತ್ತು ಮಂದಿಯ ಮುಂದೆ ನಿಂತಾಗ ಬಾಯಿ ತೆರೆಯುತ್ತೇನಾ?