ಆಚೆ ಎಳೆಯ ಕೆಂಪು ನೀರು

ಗಂಜಿ ಹಾಕಿದ ಕೆಂಪು ನೂಲು ನೀರಿನಲ್ಲಿ ನೆನೆದಾಗ ಮೊದಲು ಜೋಳದ ಹಿಟ್ಟಿನ ವಾಸನೆ ಬರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಹುಳಿ ವಾಸನೆ. ಹೋದ ವಾರ ಧಾರವಾಡದ ನನ್ನ ಕೋಣೆಯಲ್ಲಿ ಹೊಸ ಇಳಕಲ್ ಸೀರೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದಾಗ ಆ ಎರಡೂ ವಾಸನೆಗಳು ಅದೇ ಕ್ರಮದಲ್ಲಿ ಬಂದವು. ಮಾಡುತ್ತಿದ್ದ ಕೆಲಸ ಬಿಟ್ಟು ಬಕೆಟ್ಟಿನ ಪಕ್ಕದಲ್ಲಿಯೇ ಕುಳಿತುಕೊಂಡೆ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಇಷ್ಟು ಹೇಳುತ್ತೇನೆ: ಆ ವಾಸನೆಯ ಹಿಂದೆ ಒಂದು ಮನೆ ಇತ್ತು. ಈಗ ಆ ಜಾಗದಲ್ಲಿ ಗೊಬ್ಬರದ ಗೋದಾಮು ಇದೆ.

ಅದು ನನ್ನ ತಾಯಿಯ ತಂದೆಯ ಮನೆ. ಕಮತಗಿಯಿಂದ ಸ್ವಲ್ಪ ದೂರ, ಮಲಪ್ರಭೆಯ ದಂಡೆಯ ಒಂದು ಸಣ್ಣ ಊರು. ಅವ್ವ ಎರಡನೆಯ ಹೆರಿಗೆಗೆ ಬಂದವಳು ಹಿಂದಿರುಗುವಾಗ ನನ್ನನ್ನು ಅಲ್ಲಿಯೇ ಬಿಟ್ಟಿದ್ದಳು, ಸಾಲೆ ಮುಗಿಯುವವರೆಗೂ ನಾನು ಅಲ್ಲಿಯವಳೇ ಆದೆ. ಪಡಸಾಲೆಯ ನೆಲದಲ್ಲಿ ಕುಣಿಮಗ್ಗ, ಅದರ ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತ ಅಜ್ಜ, ಬೆಳಕಿಂಡಿಯ ಕೆಳಗೆ ಅವ್ವನ ತಂಗಿ ಚಿಗವ್ವ. ಇಳಕಲ್ ಸೀರೆಯ ಮೈಯ ಹಾಸು, ಎಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ; ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಚಿಗವ್ವ ಆ ಕೆಲಸ ಮಾಡುತ್ತ, ಮಗ್ಗದ ಕಂಬಕ್ಕೆ ತೆರೆದು ಒರಗಿಸಿಟ್ಟ ಭೂಗೋಳದ ಪುಸ್ತಕ ಓದುತ್ತಿದ್ದಳು. ಬೆರಳು ಎಳೆ ಹುಡುಕುತ್ತಿದ್ದರೆ ತುಟಿ ಖಂಡಗಳ ಹೆಸರು ಹೇಳುತ್ತಿತ್ತು. ನಮ್ಮ ಊರಿನಲ್ಲಿ ಮ್ಯಾಟ್ರಿಕ್ ಪಾಸಾದ ಮೊದಲ ಹುಡುಗಿ ಅವಳು.

ಅಜ್ಜನಿಗೆ ನೇಯ್ಗೆಯಲ್ಲದೆ ಇನ್ನೊಂದು ಕೆಲಸವಿತ್ತು. ಮಳೆಗಾಲ ಕಳೆದು ನೀರು ಇಳಿದ ಮೇಲೆ ಹೊಳೆ ಒಂದಾಗಿ ಹರಿಯುತ್ತಿರಲಿಲ್ಲ. ಉಸುಕಿನ ದಿಬ್ಬಗಳ ನಡುವೆ ಒಡೆದು, ಸೇರಿ, ಮತ್ತೆ ಒಡೆದು ಹರಿಯುತ್ತಿತ್ತು. ಅಜ್ಜ ಆ ಕವಲುಗಳನ್ನು ಎಳೆಗಳೆಂದೇ ಕರೆಯುತ್ತಿದ್ದ. ಪ್ರತಿ ವರ್ಷ ಎಳೆಗಳು ಜಾಗ ಬದಲಿಸುತ್ತಿದ್ದವು. ನಿನ್ನೆ ಗಟ್ಟಿಯಿದ್ದ ಉಸುಕು ಇಂದು ಕಾಲು ಹಿಡಿಯುತ್ತಿತ್ತು. ಆದ್ದರಿಂದ ಅಜ್ಜ ಬರಿಗಾಲಲ್ಲಿ ನಡೆದು ನೋಡಿ, ದಾಟುವ ದಾರಿಯುದ್ದಕ್ಕೂ ಜಾಲಿ ಟೊಂಗೆ ನೆಟ್ಟು, ಅವುಗಳ ತುದಿಗೆ ಮಗ್ಗದಲ್ಲಿ ಉಳಿದ ಕೆಂಪು ನೂಲಿನ ತುಂಡು ಕಟ್ಟುತ್ತಿದ್ದ. ಇದಕ್ಕೆ ಹಾದಿ ನೆಡುವುದು ಎನ್ನುತ್ತಿದ್ದರು. ನೂಲಿನ ಕಟ್ಟು ಹಿಡಿದುಕೊಂಡು ಅವನ ಹಿಂದೆ ಹೋಗುವುದು ನನ್ನ ಪಾಲು. ಬಾಗಲಕೋಟೆಗೆ ಹೋಗುವ ಬಸ್ಸು ಆಚೆ ದಂಡೆಯಲ್ಲಿ ನಿಲ್ಲುತ್ತಿತ್ತು. ಸಂತೆಗೆ, ದವಾಖಾನೆಗೆ, ಬೀಗರ ಮನೆಗೆ ಹೋಗುವವರೆಲ್ಲ ಅಜ್ಜನ ನೂಲು ನೋಡಿಕೊಂಡು ದಾಟುತ್ತಿದ್ದರು.

ನಾನು ನಾಲ್ಕನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಚಿಗವ್ವನಿಗೆ ಬಾಗಲಕೋಟೆಯಿಂದ ಮಾಸ್ತರಕಿಯ ತರಬೇತಿಯ ಸಂದರ್ಶನಕ್ಕೆ ಕರೆ ಬಂತು. ಆ ದಿನ ಅಜ್ಜಿ ಅವಳ ಹಣೆಗೆ ವಿಭೂತಿ ಹಚ್ಚಿ, ಕೈಗೆ ಬುತ್ತಿಗಂಟು ಕೊಟ್ಟು, “ದೊಡ್ಡ ಬಾಯಿ ಮಾಡಿ ಉತ್ತರ ಹೇಳು, ಮನ್ಯಾಗ ಮಾಡ್ತೀಯಲ್ಲ ಹಂಗ” ಎಂದಳು. ಅಜ್ಜ, ಚಿಗವ್ವ, ನಾನು ಹೊಳೆಗೆ ಇಳಿದೆವು. ಎಳೆಗಳಲ್ಲಿ ನೀರು ತಿಳಿಯಾಗಿತ್ತು. ಕೊನೆಯ ದಿಬ್ಬಕ್ಕೆ ಹತ್ತಿದಾಗ ಅಜ್ಜ ನಿಂತ. ಮೇಲಿನ ಹಳ್ಳ ಬಂದು ಕೂಡುವ, ಆಚೆ ದಂಡೆಗೆ ತಾಗಿದ ಎಳೆ ಕೆಂಪಾಗಿ ಹರಿಯುತ್ತಿತ್ತು.

“ಹಿಂದಕ್ಕ ನಡೀರಿ. ಮ್ಯಾಲೆ ಮಳಿ ಆಗೇತಿ. ಬಿಸಿಲು ಏರೂದ್ರಾಗ ಎಲ್ಲಾ ಎಳಿ ಕೂಡ್ತಾವ.”

“ಅಪ್ಪಾ, ಮಣಕಾಲಮಟ ನೀರಿಲ್ಲ. ಬಸ್ಸಿನ ಹೊತ್ತಾತು.”

“ನಿಮ್ಮ ಕಾಕಾನೂ ಹಿಂಗ ಅಂದಿದ್ದ.”

ಅಜ್ಜನ ತಮ್ಮ ಎತ್ತಿನ ಜೋಡಿಯೊಂದಿಗೆ ಹೋದದ್ದು ಅಂಥ ಕೆಂಪು ನೀರಿನಲ್ಲಿಯೇ. ಆಚೆ ಎಳೆ ಕೆಂಪಾದ ದಿನ ಯಾರೂ ದಾಟಬಾರದು ಎಂಬುದನ್ನು ನಮ್ಮ ಊರು ಆ ಸಾವಿನಿಂದ ಕಲಿತಿತ್ತು. ಅಜ್ಜ ಚಿಗವ್ವನ ರಟ್ಟೆ ಹಿಡಿದ; ಅವಳು ಚಪ್ಪಲಿ ಕೈಯಲ್ಲಿ ಹಿಡಿದು ದಿಬ್ಬದ ಮೇಲೆಯೇ ನಿಂತಳು. ಬಸ್ಸು ಬಂತು, ನಿಂತಿತು, ಚಾಲಕ ನಮ್ಮನ್ನು ಕಂಡಿರಬೇಕು, ಉದ್ದಕ್ಕೆ ಹಾರನ್ ಬಾರಿಸಿದ. ಆಮೇಲೆ ಧೂಳು ಮಾತ್ರ ಕಾಣಿಸಿತು. ಅಜ್ಜ ಹಿಡಿದ ರಟ್ಟೆ ಬಿಡದೆ ಅವಳನ್ನು ಈಚೆ ದಂಡೆಗೆ ಕರೆತಂದ. ಪ್ರವಾಹ ಬರುವುದನ್ನು ನೋಡಲು ನಾವು ಮೂವರೂ ಬೇವಿನ ನೆರಳಲ್ಲಿ ಕುಳಿತೆವು. ಅವಳಿಗಾಗಿಯಾದರೂ ಅದು ಬರಲಿ ಎಂದು ನಾನು ಬೇಡಿಕೊಂಡೆ. ಬರಲಿಲ್ಲ.

ಇಳಿಹೊತ್ತಿನಲ್ಲಿ ಆಚೆಯಿಂದ ಕುರುಬರ ಬೀರಣ್ಣ ಕುರಿ ಹೊಡೆದುಕೊಂಡು ಆರಾಮಾಗಿ ದಾಟಿ ಬಂದ. “ಏನ್ ಯಜಮಾನ್ರ, ಮನಿಮಂದೆಲ್ಲಾ ಹೊಳಿ ಕಾಯಾಕ ಕುಂತೀರಿ? ಕಳ್ಳರು ಒಯ್ತಾರೇನು?”

“ಮ್ಯಾಲೆ ಮಳಿ ಎಷ್ಟಾತೋ ಬೀರಣ್ಣ?”

“ಎಲ್ಲಿ ಮಳಿರೀ! ನನ್ನ ಕುರಿ ಬಾಯಿ ಒಣಗಿಸಿಕೊಂಡು ಬಂದಾವ. ಆಚಿ ಹಳ್ಳದ ದಂಡಿಗೆ ಕಾಲುವಿ ಅಗಿಯಾಕತ್ತಾರ. ಅಲ್ಲಿ ರಾಡಿ ಎಲ್ಲಾ ಹಳ್ಳಕ್ಕ ಬಿಡ್ತಾರ. ಅದ ಕೆಂಪು.”

ಚಿಗವ್ವ ನಕ್ಕಳು. ಗಟ್ಟಿಯಾಗಿ ಅಲ್ಲ; ಕೊಂಡಿ ತಪ್ಪಿದಾಗ ತನ್ನ ಬೆರಳಿಗೆ ತಾನೇ ನಗುತ್ತಿದ್ದಳಲ್ಲ, ಹಾಗೆ. ಬುತ್ತಿ ಬಿಚ್ಚಿ ನನಗೊಂದು ರೊಟ್ಟಿ ಕೊಟ್ಟು, “ತಿನ್ನು, ಹಳಸೂದ್ರಾಗ” ಎಂದಳು. ಮರುವರ್ಷ ಅಜ್ಜಿಯ ಕಣ್ಣು ಮಂಜಾಯಿತು, ಕೊಂಡಿ ಹಾಕಲು ಬೇರೆ ಕೈ ಇರಲಿಲ್ಲ; ಚಿಗವ್ವ ಮತ್ತೆ ಅರ್ಜಿ ಹಾಕಲಿಲ್ಲ. ಅದರ ಮುಂದಿನ ವರ್ಷ ಅವಳನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟರು. ಅಜ್ಜ ತನ್ನ ಬಾಯಿಂದ ಆ ದಿನದ ಮಾತು ಎತ್ತಲಿಲ್ಲ. ಆದರೆ ಹಾದಿ ನೆಡುವುದನ್ನು ಬಿಟ್ಟ. ಯಾರಾದರೂ ಕೇಳಿದರೆ, “ಹೊಳಿ ಈಗ ನನ್ನ ಮಾತಿನ್ಯಾಗ ಇಲ್ಲ” ಎನ್ನುತ್ತಿದ್ದ. ತವರಿಗೆ ಬಂದಾಗ ಚಿಗವ್ವ ಅಜ್ಜನಿಗೆ ಊಟಕ್ಕೆ ಬಡಿಸುತ್ತಿದ್ದಳು, ಕಾಲು ಒತ್ತುತ್ತಿದ್ದಳು. ಹೊಳೆಯ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ. ನನ್ನನ್ನು ಕಾಲೇಜಿಗೆ ಕಳಿಸುವುದು ಬೇಡವೆಂದು ನನ್ನ ಅಪ್ಪ ಬಂದು ಅಂದಾಗ ಅಜ್ಜ ಮಗ್ಗದ ಕುಣಿಯಿಂದ ಎದ್ದುಬಂದು, “ಇಕಿನ್ನ ಕಲಿಸಬೇಕು” ಎಂದಷ್ಟೇ ಹೇಳಿದ. ಆ ಓದು ಯಾರ ಪಾಲಿನದಾಗಿತ್ತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಟ್ರಂಕಿಗೆ ಬಟ್ಟೆ ತುಂಬಲು ಇಳಕಲ್ಲಿನಿಂದ ಬಂದವಳು ಚಿಗವ್ವನೇ. ಮಡಿಕೆಗಳ ನಡುವೆ ಆ ಭೂಗೋಳದ ಪುಸ್ತಕವನ್ನೂ ಇಟ್ಟಳು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ನಾನು ಭೂಗೋಳವನ್ನೇ ಓದಿದೆ. ಎಂ.ಎ. ತರಗತಿಯಲ್ಲಿ ಹೆಣೆದ ನದಿಗಳ ಪಾಠ ಬಂತು. ಹೊರಲಾಗದಷ್ಟು ಉಸುಕು, ಸಡಿಲ ದಂಡೆ, ಏರಿಳಿಯುವ ನೀರು ಇದ್ದಲ್ಲಿ ನದಿ ಹಲವು ಎಳೆಗಳಾಗಿ ಹರಿಯುತ್ತದೆ. ಹಿಮಾಲಯದಿಂದ ಇಳಿದ ಕೋಸಿ, ಅಸ್ಸಾಮಿನ ಬ್ರಹ್ಮಪುತ್ರ, ಟಿಬೆಟ್ಟಿನಲ್ಲಿ ಅದರ ಮೇಲ್ಭಾಗ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಬಯಲು, ಅಲಾಸ್ಕಾ ಮತ್ತು ಐಸ್‌ಲೆಂಡಿನಲ್ಲಿ ಹಿಮನದಿಗಳ ಬಾಯಿ, ಉತ್ತರ ಇಟಲಿಯಲ್ಲಿ ಆಲ್ಪ್ಸ್ ಪರ್ವತದ ತಪ್ಪಲು. ನಮ್ಮ ಹೊಳೆಯ ಹೆಸರು ಅಲ್ಲಿರಲಿಲ್ಲ. ನೀರು ಇಳಿದಾಗಷ್ಟೇ ಒಡೆಯುವ ಸಣ್ಣ ನದಿ ಅಷ್ಟು ದೊಡ್ಡವುಗಳ ಸಾಲಿನಲ್ಲಿ ನಿಲ್ಲುವುದಿಲ್ಲ. ಆದರೂ ರಜೆಗೆ ಹೋದಾಗ ಅಜ್ಜನಿಗೆ ಎಲ್ಲವನ್ನೂ ಹೇಳಿದೆ. ಅಷ್ಟರಲ್ಲಿ ಅಜ್ಜಿ ಇರಲಿಲ್ಲ, ಮಗ್ಗ ನಿಂತಿತ್ತು, ಊರ ಕೆಳಗೆ ಸೇತುವೆ ಬಂದಿತ್ತು. ಅಜ್ಜ ಕಣ್ಣು ಮುಚ್ಚಿ ಕೇಳಿದ.

“ಅಲ್ಲೆ ಹಾದಿ ಯಾರು ನೆಡ್ತಾರ?”

ಪುಸ್ತಕದಲ್ಲಿ ಅದು ಇಲ್ಲ ಎಂದೆ.

“ಅವ್ರಿಗೂ ತಪ್ಪತೈತೇನು?”

ಕೋಸಿಯ ಬಗ್ಗೆ ಹೇಳಿದೆ. ಆ ನದಿ ಊರಿಂದ ಊರಿಗೆ ತಾನೇ ಸರಿದು ಹೋಗುತ್ತದೆ, ಅಲ್ಲಿ ಹುಟ್ಟಿ ಬೆಳೆದವರ ಲೆಕ್ಕವೂ ತಪ್ಪುತ್ತದೆ ಎಂದೆ. ಅಜ್ಜ ಕಣ್ಣು ತೆರೆದ. “ಇದನ್ನ ನಿಮ್ಮ ಚಿಗವ್ವಗ ಹೇಳು. ನಾ ಹೇಳಿದ್ರ ಸಬೂಬು ಆಗತೈತಿ.”

ಮರುದಿನವೇ ಇಳಕಲ್ಲಿಗೆ ಹೋದೆ. ಚಿಗವ್ವ ಕೊಂಡಿ ಹಾಕುತ್ತಲೇ ಕೇಳಿಸಿಕೊಂಡಳು. “ಅಲಾಸ್ಕಾ ಎಲ್ಲೈತಿ, ಬರದು ತೋರಿಸು” ಎಂದಳು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದೆ. “ರಷ್ಯಾಕ್ಕ ಅಂಟಿಕೊಂಡೈತೇನು? ಸರಿಯಾಗಿ ಬರಿ.” ಅವಳೇ ಬಗ್ಗಿ, ನನ್ನ ಗೆರೆ ಅಳಿಸಿ, ನಡುವೆ ಸಣ್ಣದೊಂದು ಜಲಸಂಧಿ ಬಿಟ್ಟು ಬರೆದಳು. ಅವಳ ಮುಂದೆ ಕೈಕಟ್ಟಿ ನಿಂತಿರಬೇಕಾಗಿದ್ದ ಮಕ್ಕಳು ಎಷ್ಟೋ ಎಂದು ಅನಿಸಿ ನನಗೆ ತಲೆ ಎತ್ತಲಾಗಲಿಲ್ಲ.

“ಇಷ್ಟು ದೊಡ್ಡ ನದಿಗೋಳನ್ನ ಹೊತ್ಕೊಂಡು ಬಂದೀಯಲ್ಲ, ಯಾರು ಕಳಿಸಿದ್ರು?”

“ಅಜ್ಜ.”

ಅವಳು ಎಳೆ ಹುಡುಕುವುದನ್ನು ನಿಲ್ಲಿಸಿದಳು. “ನೀರು ಖರೇನ ಕೆಂಪಿತ್ತು. ನಾನೂ ನೋಡಿದ್ನಿ. ಅಂವ ಕೈ ಹಿಡಿದಾಗ ಬಿಡಿಸಿಕೊಂಡು ಓಡಲಿಲ್ಲ ನಾ.” ಮತ್ತೆ ಬೆರಳು ನಡೆಯತೊಡಗಿತು. “ಅಂದಿನಿಂದ ಅದನ್ನ ನೆನಸ್ತೇನಿ. ಅಪ್ಪನ ತಪ್ಪು ಅಂತ ಅನ್ನೂದು ಸಲೀಸು ಇತ್ತು, ಅದಕ್ಕ ಹಂಗ ಅಂದ್ಕೊಂಡ್ನಿ.” ಹೊರಡುವಾಗ ಮಗ್ಗದ ಕೆಳಗಿನಿಂದ ಕೆಂಪು ನೂಲಿನ ತುಂಡುಗಳನ್ನು ಬಳಿದು ಒಂದು ಗಂಟು ಕಟ್ಟಿ ನನ್ನ ಕೈಗಿತ್ತಳು. “ಅಪ್ಪಗ ಕೊಡು. ಈ ವರ್ಷ ಹಾದಿ ನೆಡು ಅನ್ನು.”

ಆ ಸಂಜೆ ಅಜ್ಜ ಗಂಟು ಬಿಚ್ಚಿ, ನೂಲನ್ನು ಮೂಗಿನ ಹತ್ತಿರ ಹಿಡಿದು, ಮತ್ತೆ ಕಟ್ಟಿ ತಲೆದಿಂಬಿನ ಪಕ್ಕ ಇಟ್ಟುಕೊಂಡ. ಚಿಗವ್ವ ಹೇಳಿದ ಮಾತುಗಳನ್ನೂ ಹೇಳಿದೆ. “ಹುಡುಗಿ ಅಕೀ, ಆಗ. ಅಕೀದೇನು ತಪ್ಪು?” ಎಂದ, ತನ್ನ ಬಗ್ಗೆ ಏನೂ ಹೇಳಲಿಲ್ಲ. ಮುಂದಿನ ಮಳೆಗಾಲಕ್ಕೆ ಅವನೂ ಹೋದ. ಉಸುಕನ್ನು ಲಾರಿಗಳು ಒಯ್ದವು, ಮೇಲೆ ಕಟ್ಟಿದ ಅಣೆಕಟ್ಟಿನಿಂದ ಬರುವ ನೀರಿಗೆ ಬಿಡಿಸಿ ನೋಡುವಂಥ ಎಳೆಗಳೂ ಉಳಿಯಲಿಲ್ಲ. ಚಿಗವ್ವನ ಪುಸ್ತಕ ನನ್ನ ಕಪಾಟಿನಲ್ಲಿದೆ. ಈಗ ನಾನೂ ಭೂಗೋಳ ಕಲಿಸುತ್ತೇನೆ; ಅದನ್ನು ತರಗತಿಗೆ ಮಾತ್ರ ಒಯ್ಯುವುದಿಲ್ಲ.

ಆದರೆ ಅಜ್ಜ ಗಂಟು ಬಿಚ್ಚಿ ನೋಡಿದ ಆ ಸಂಜೆಯ ಮರುದಿನ ಬೆಳಿಗ್ಗೆ ನಾನು ಜಾಲಿ ಟೊಂಗೆ ಕಡಿದುಕೊಂಡು, ಅವನು ಕೊಟ್ಟ ಆ ನೂಲು ಹಿಡಿದು ಹೊಳೆಗೆ ಇಳಿದೆ. ಅಜ್ಜ ಬೇವಿನ ಕೆಳಗೆ ಕುಳಿತು ಕೋಲಿನಿಂದ ದಿಕ್ಕು ತೋರಿಸುತ್ತಿದ್ದ. ಸೇತುವೆಯ ಮೇಲೆ ಹೋಗುವವರು ನಿಂತು ನೋಡುತ್ತಿದ್ದರು. ಬರಿಗಾಲಲ್ಲಿ ಉಸುಕನ್ನು ಒತ್ತಿ ನೋಡುತ್ತ, ಟೊಂಗೆ ನೆಟ್ಟು, ಒಂದೊಂದಕ್ಕೂ ಕೆಂಪು ನೂಲು ಕಟ್ಟುತ್ತ ಆಚೆ ಎಳೆಯವರೆಗೂ ಹೋದೆ. ನೀರು ತಿಳಿಯಾಗಿತ್ತು, ಮಣಕಾಲು ಮುಟ್ಟಲಿಲ್ಲ. ಕೊನೆಯ ಟೊಂಗೆಯನ್ನು ಆಚೆ ದಂಡೆಯಲ್ಲಿ ನೆಟ್ಟೆ. ಅಷ್ಟರಲ್ಲಿ ಬಾಗಲಕೋಟೆಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲು ತೆರೆದು, “ಬರ್ತೀರೇನ್ರಿ ಅಕ್ಕಾರ?” ಎಂದ. ಇಲ್ಲವೆಂದು ತಲೆಯಾಡಿಸಿದೆ. ಧೂಳು ಅಡಗುವವರೆಗೂ ಅಲ್ಲಿಯೇ ನಿಂತು, ಉಳಿದ ಒದ್ದೆ ನೂಲನ್ನು ಹಿಡಿದುಕೊಂಡು ನೆಟ್ಟ ಹಾದಿಯಲ್ಲಿಯೇ ಹಿಂದಿರುಗಿದೆ.