ವಾಸನೆಯಿಲ್ಲದ ಹಣ್ಣು

ನಿನ್ನೆ ಸಂಜೆ ಆಫೀಸು ಬಿಟ್ಟು ಬರುವಾಗ ಕಾರವಾರದ ಬಸ್ ನಿಲ್ದಾಣದ ಎದುರಿನ ಗಾಡಿಯಲ್ಲಿ ಪರ್ಸಿಮನ್ ಹಣ್ಣು ಕಂಡೆ. ಒಂದೊಂದಕ್ಕೂ ಬಿಳಿ ಸ್ಪಂಜಿನ ಬಲೆ ತೊಡಿಸಿ ಸೇಬಿನ ಪಕ್ಕ ಜೋಡಿಸಿದ್ದರು. ಕಾಲು ಸೋತಿತ್ತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಒಂದನ್ನೆತ್ತಿ ತೊಟ್ಟಿಗೆ ಮೂಗಿಟ್ಟೆ. "ಅದ್ನ ಮೂಸಿದ್ರೆ ಎಂತ ಗೊತ್ತಾಗ್ತದೆ ಅಕ್ಕಾ? ವಾಸನೆನೇ ಇಲ್ಲ ಅದ್ಕೆ" ಎಂದ ಗಾಡಿಯವನು. ಗೊತ್ತು ಎಂದೆ. ವಾಸನೆ ಬಂದರೆ ಹಳೆಯದು ನೆನಪಾಗುತ್ತದೆ ಎನ್ನುತ್ತಾರೆ. ನನಗೆ ಆ ಇಲ್ಲದ ವಾಸನೆಯಿಂದಲೇ ಚಿತ್ತಾಕುಲದ ನಮ್ಮ ಹೆಂಚಿನ ಮನೆ, ಅದರ ಕತ್ತಲೆ ಅಡಿಗೆಕೋಣೆ, ಅಕ್ಕಿ ಡಬ್ಬಿಯ ಪಕ್ಕ ಕುಳಿತ ಅಜ್ಜಿ ಎಲ್ಲ ಎದುರಿಗೆ ಬಂತು.

ಆ ಮನೆಯಲ್ಲಿ ಹಣ್ಣು ಆರಿಸುವ ಹಕ್ಕು ಅಜ್ಜಿಯದು. ಅಂಕೋಲೆಯಲ್ಲಿ ಹುಟ್ಟಿ ಈಶಾಡ ಮಾವಿನ ನಡುವೆ ಬೆಳೆದವಳು. ಮೇ ತಿಂಗಳಲ್ಲಿ ಅಂಕೋಲೆ ಪೇಟೆಗೆ ಹೋಗಿ, ಬುಟ್ಟಿ ಇಟ್ಟುಕೊಂಡ ಹೆಂಗಸರೆದುರು ಕುಕ್ಕರಗಾಲಿನಲ್ಲಿ ಕುಳಿತು, ಒಂದೊಂದರ ತೊಟ್ಟನ್ನೂ ಮೂಸಿ "ಇದು ಇವತ್ತಿಗೆ, ಇದು ನಾಡಿದ್ದಿಗೆ" ಎಂದು ಬೇರೆ ಮಾಡುತ್ತಿದ್ದಳು. ಹೇಳಿದ ದಿನಕ್ಕೆ ಸರಿಯಾಗಿ ಹಣ್ಣಾಗುತ್ತಿತ್ತು. ನಾನಾಗ ಐದನೇ ತರಗತಿ. ಎಲ್ಲವನ್ನೂ ಬರೆದಿಡುವ ಚಟ ಆಗಲೇ ಹತ್ತಿತ್ತು. ಆ ವರ್ಷ ಅಜ್ಜಿಗೆ ಜ್ವರ ಬಂದುಹೋದ ಮೇಲೆ ತಂದ ಹನ್ನೆರಡು ಮಾವಿನಲ್ಲಿ ಐದು ತಪ್ಪಿದವು: ಮೂರು ಹುಳಿ, ಎರಡು ಒಳಗೇ ಕೊಳೆತವು. ಎಲ್ಲರೂ ಊಟಕ್ಕೆ ಕುಳಿತಾಗ ನಾನು ಆ ಲೆಕ್ಕ ಬರೆದ ಪುಸ್ತಕ ತೆರೆದು ಓದಿಬಿಟ್ಟೆ. ಅಪ್ಪ ನಕ್ಕ. "ಅತ್ತೆ, ಮೂಗು ಅಂಕೋಲೆ ಪೇಟೆಲೇ ಬಿಟ್ಟು ಬಂದ್ರಾ?" ಎಂದಳು ಅಮ್ಮ, ತಮಾಷೆಗೆ. ಅಜ್ಜಿ ನಗಲಿಲ್ಲ. ಮುಂದಿನ ವಾರ ಚೀಲವನ್ನು ಅಮ್ಮನ ಕೈಗೆ ಕೊಟ್ಟು, "ನೀನೇ ಹೋಗಿ ಬಾ, ನಂಗೆ ಕಾಲು ನೋವು" ಎಂದಳು. ಕೆಲವು ದಿನಗಳ ಮೇಲೆ ಒಲೆಯಲ್ಲಿ ಹಾಲು ಸೀದು ಜಗಲಿಯವರೆಗೂ ನಾರಿತು. ಓಡಿ ಬಂದು ನೋಡಿದರೆ ಅಜ್ಜಿ ಒಲೆಗೆ ಬೆನ್ನು ಹಾಕಿ, ಏನೂ ಆಗಿಲ್ಲವೆಂಬಂತೆ ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ಅವಳಿಗೆ ಹೋಗಿದ್ದು ಕಾಲಲ್ಲ ಎಂದು ನನಗೆ ಆಗ ತಿಳಿಯಿತು. ಯಾರಿಗೂ ಹೇಳಲಿಲ್ಲ, ಬರೆಯಲೂ ಇಲ್ಲ.

ಜಗಲಿ ಪಕ್ಕದ ಎರಡು ಕೋಣೆಗಳಲ್ಲಿ ನೌಕಾನೆಲೆಯ ನೌಕರನ ಸಂಸಾರ ಬಾಡಿಗೆಗಿತ್ತು. ಹಿಮಾಚಲದವರು. ಅವನ ಹೆಂಡತಿಯನ್ನು ನಾವೆಲ್ಲ ಭಾಭಿ ಎನ್ನುತ್ತಿದ್ದೆವು. ದೀಪಾವಳಿಗೆ ಮುಂಚೆ ಅವನು ರಜೆ ಮುಗಿಸಿ ಬರುವಾಗ ಊರ ತೋಟದಿಂದ ಒಂದು ಪೆಟ್ಟಿಗೆ ಹಣ್ಣು ತಂದ. ಟೊಮೆಟೊದಂತೆ ಕಾಣುವ, ತಲೆಗೆ ನಾಲ್ಕೆಲೆಯ ಟೊಪ್ಪಿ ಹಾಕಿದ ಕಿತ್ತಳೆ ಬಣ್ಣದ ಹಣ್ಣುಗಳು. ಭಾಭಿ ಹದಿನೆಂಟನ್ನು ನಮಗೆ ಕೊಟ್ಟಳು. ಅಭ್ಯಾಸಬಲದಿಂದ ಎಲ್ಲರೂ ಅಜ್ಜಿಯ ಮುಖ ನೋಡಿದರು. ಅವಳು ಒಂದೊಂದನ್ನೇ ಮೂಗಿಗೆ ಹಿಡಿದಳು. ಆರನೆಯದನ್ನು ಎರಡು ಸಲ ಮೂಸಿದಳು. "ಯಾವ್ದೂ ಹಣ್ಣಾಗ್ಲಿಲ್ಲ" ಎಂದಳು.

"ದಾದೀ, ಇದಕ್ಕೆ ವಾಸನೆ ಇಲ್ಲ. ಕೈಯಲ್ಲಿ ನೋಡ್ಬೇಕು" ಎಂದಳು ಭಾಭಿ, ತನ್ನ ಅರೆಬರೆ ಕನ್ನಡದಲ್ಲಿ.

"ಯಾರಿಗೂ ಬರೂದಿಲ್ವಾ?"

"ಯಾರಿಗೂ ಇಲ್ಲ."

ಅಜ್ಜಿ ಹಣ್ಣನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ "ಹಂಗಾರೆ ತೋರ್ಸು" ಎಂದಳು.

ಭಾಭಿ ಅವಳ ಬೆರಳು ಹಿಡಿದು ಮೊದಲು ಕಿವಿಯ ಹಾಲೆಗೆ, ಆಮೇಲೆ ಹಣ್ಣಿಗೆ ಮುಟ್ಟಿಸಿದಳು. ಹಾಲೆಯಷ್ಟು ಮೆತ್ತಗಾದರೆ ತಿನ್ನಬಹುದು. ಅದಕ್ಕೆ ಮುಂಚೆ ಬರೀ ಒಗರು. ಅಜ್ಜಿ ಹದಿನೆಂಟನ್ನೂ ಮಾವಿನಂತೆ ಅಕ್ಕಿ ಡಬ್ಬಿಯಲ್ಲಿ ಹೂತಳು. ದಿನಾ ಬೆಳಿಗ್ಗೆ ಮಿಂದು ಬಂದು, ಕಣ್ಣು ಮುಚ್ಚಿ ಅಕ್ಕಿಯೊಳಗೆ ಕೈಯಾಡಿಸಿ, ನಡುನಡುವೆ ತನ್ನ ಕಿವಿ ಮುಟ್ಟಿಕೊಂಡು, ಒಂದೋ ಎರಡೋ ಹೊರತೆಗೆಯುತ್ತಿದ್ದಳು. ಟೊಪ್ಪಿ ಕಿತ್ತು ಚಮಚ ಹಾಕಿದರೆ ಬೆಲ್ಲದ ಪಾಕದಂಥ ತಿರುಳು, ತಣ್ಣಗೆ, ಅಗಿಯುವ ಮೊದಲೇ ಗಂಟಲಿಗೆ ಜಾರುತ್ತಿತ್ತು. "ಹಿಮಾಚಲದ ಹಣ್ಣಿಗೂ ಅಂಕೋಲೆಯವ್ರೇ ಯಜಮಾನ್ರು" ಎಂದು ಅಪ್ಪ ಕೆಣಕಿದರೆ, "ಬಾಯಿ ಮುಚ್ಕಂಡು ತಿನ್ನು" ಎಂದು ನನ್ನತ್ತ ತಿರುಗುತ್ತಿದ್ದಳು. "ಬರ್ಕಂಡ್ಯಾ ತಂಗೀ?" ಬರೆದುಕೊಳ್ಳುತ್ತಿದ್ದೆ: ತಾರೀಖು, ಎಷ್ಟನೆಯ ಹಣ್ಣು, ಸರಿ ಗುರುತು. ಹದಿನೇಳೂ ಸರಿ.

ಕೊನೆಯದನ್ನು ಯಾರಿಗೂ ಪಾಲು ಮಾಡದೆ ನನಗೇ ಕೊಟ್ಟಳು. ಬಾಯಿಗಿಟ್ಟ ಕೂಡಲೇ ಸುಣ್ಣ ಹಚ್ಚಿದ ಹಾಗೆ ನಾಲಿಗೆ ಬಿಗಿಯಿತು. ಅವಳು ಎದುರೇ ಕುಳಿತು ನನ್ನ ಮುಖ ನೋಡುತ್ತಿದ್ದಳು. "ಹೆಂಗದೆ?" ಸಿಹಿ ಅದೆ ಎಂದೆ. ಪೂರ್ತಿ ತಿಂದೆ. ಪುಸ್ತಕ ತೆಗೆದು ಅವಳೆದುರೇ ಸರಿ ಹಾಕಿದೆ. "ಎಷ್ಟಾಯ್ತು?" "ಹದಿನೆಂಟಕ್ಕೆ ಹದಿನೆಂಟು." "ಊಟಕ್ಕೆ ಕೂತಾಗ ಓದು" ಎಂದಳು. ಓದಿದೆ.

ಮರುವರ್ಷ ಭಾಭಿಯ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅದರ ಮುಂದಿನ ವರ್ಷ ಅಜ್ಜಿ ಹೋದಳು. ರಸ್ತೆ ಅಗಲವಾದಾಗ ಮನೆಯೂ ಹೋಯಿತು. ಈಗ ಅಲ್ಲಿ ಬಸ್ಸು ನಿಧಾನ ಕೂಡ ಮಾಡುವುದಿಲ್ಲ. ಎಲ್ಲದರ ತಾರೀಖು ನನ್ನ ಬಳಿ ಇದೆ. ಇಟ್ಟುಕೊಂಡು ಏನು ಮಾಡುವುದೆಂದು ಈಚೆಗೆ ತಿಳಿಯುತ್ತಿಲ್ಲ. ನಿಮ್ಮ ಮನೆಯಲ್ಲೂ ಇಂಥ ಪುಸ್ತಕವಿದ್ದರೆ ನಿಮಗೆ ಗೊತ್ತಿರಬಹುದು. ನಿನ್ನೆ ಕಿವಿ ಮುಟ್ಟಿಕೊಂಡು ಎರಡು ಹಣ್ಣು ಆರಿಸಿ ತಂದೆ. ಒಂದು ಚೆನ್ನಾಗಿತ್ತು. ಇನ್ನೊಂದು ಅಕ್ಕಿಯಲ್ಲಿದೆ. ಆಮೇಲೆ ಹಳೆಯ ಪುಸ್ತಕ ತೆಗೆದು ನೋಡಿದೆ. ಹದಿನೆಂಟನೆಯ ಸಾಲಿನ ಸರಿ ಗುರುತು ಉಳಿದವಕ್ಕಿಂತ ದಪ್ಪವಾಗಿದೆ. ಅವಳಿಗೆ ಕಾಣಲೆಂದು ಅಷ್ಟು ಒತ್ತಿ ಬರೆದದ್ದು, ಹಾಳೆಯ ಆಚೆ ಬದಿಗೂ ಮೂಡಿದೆ.